ಲೆನ್ಸ್ ಫಿಲ್ಟರ್: ಕೋಟೆ, ಕೆರೆ, ಜಾತ್ರೆಗಳಲ್ಲಿ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರದುರ್ಗದ ಕೋಟೆಯಲ್ಲಿ ಕ್ಯಾಮೆರಾ ಹಿಡಿದು ಲೆನ್ಸ್ ಮುಂದಿನ ಫಿಲ್ಟರಿನ ಉಂಗುರ ತಿರುಗಿಸುತ್ತಾ ನಿಂತರೆ, ಯಾರಾದರೂ ಒಬ್ಬರು ಬಂದು "ಅದೇನು ತಿರುಗಿಸ್ತಾ ಇದೀರಿ?" ಅಂತ ಕೇಳಿಯೇ ಕೇಳುತ್ತಾರೆ. ದಾವಣಗೆರೆ ಕಡೆಯ ಮದುವೆ ಫೋಟೋಗ್ರಾಫರ್ ಗೆಳೆಯರು ಫೋನ್ ಮಾಡಿ ಕೇಳುತ್ತಾರೆ. ಹೊಸದಾಗಿ ಕ್ಯಾಮೆರಾ ಕೊಂಡ ಹುಡುಗರು ಪತ್ರ ಬರೆದು ಕೇಳುತ್ತಾರೆ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಶುರು ಮಾಡುವವರಿಗೆ

ಫೋನಲ್ಲೇ ಬೇಕಾದಷ್ಟು ಫಿಲ್ಟರ್ ಇದ್ಯಲ್ಲಾ, ಲೆನ್ಸ್ ಮುಂದೆ ಗಾಜು ಯಾಕೆ ಹಾಕ್ಬೇಕು?

ಹೆಸರು ಒಂದೇ, ಕೆಲಸ ಬೇರೆ. ಫೋನಿನ ಫಿಲ್ಟರ್ ತೆಗೆದಾದ ಫೋಟೋದ ಬಣ್ಣ ಬದಲಿಸುತ್ತದೆ. ಲೆನ್ಸ್ ಫಿಲ್ಟರ್ ಬೆಳಕು ಕ್ಯಾಮೆರಾದೊಳಗೆ ಹೋಗುವ ಮುಂಚೆಯೇ ಅದನ್ನು ಸೋಸುತ್ತದೆ.

ಯಾವುದೇ ಫಿಲ್ಟರ್ ಕೊಳ್ಳುವ ಮುಂಚೆ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದು ಮಾಡುವ ಕೆಲಸವನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ಮಾಡೋಕೆ ಆಗುತ್ತಾ? ಬಣ್ಣ ಬೆಚ್ಚಗೆ ಮಾಡುವುದು, ಕಪ್ಪು-ಬಿಳುಪು ಮಾಡುವುದು, ಆಕಾಶ ಸ್ವಲ್ಪ ಕಪ್ಪಗೆ ಮಾಡುವುದು, ಇವೆಲ್ಲ ಆಗುತ್ತದೆ. ಆದರೆ ಕೆರೆ ನೀರಿನ ಮೇಲೆ ಬಿಸಿಲು ಥಳಥಳ ಹೊಳೆಯುವಾಗ ತೆಗೆದ ಫೋಟೋದಲ್ಲಿ, ಆ ಹೊಳಪಿನ ಕೆಳಗಿದ್ದ ಕಲ್ಲು ದಾಖಲಾಗಿಯೇ ಇರುವುದಿಲ್ಲ. ಇಲ್ಲದ್ದನ್ನು ಯಾವ ಸಾಫ್ಟ್‌ವೇರೂ ನಿಜವಾಗಿ ತಂದುಕೊಡಲ್ಲ. ಹಾಗಾಗಿ ನನ್ನ ಬ್ಯಾಗಿನಲ್ಲಿ ಸದಾ ಇರುವುದು ಎರಡೇ: ಇಂಥ ಹೊಳಪು ತಡೆಯುವ ಪೋಲರೈಸರ್ ಮತ್ತು ಎಲ್ಲಾ ಬೆಳಕನ್ನೂ ಕಡಿಮೆ ಮಾಡುವ ಕಪ್ಪು ಗಾಜು, ಅಂದರೆ ಎನ್‌ಡಿ.

ಒಂದೇ ಒಂದು ತಗೊಳ್ಳೋದು ಅಂದ್ರೆ ಯಾವುದು?

ಪೋಲರೈಸರ್. ಎರಡನೇ ಯೋಚನೆ ಬೇಡ.

ಈ ಪೋಲರೈಸರ್ ಒಳಗೆ ಏನು ನಡೆಯುತ್ತೆ? ಕಪ್ಪು ಗಾಜಿನ ಥರಾನೇ ಕಾಣುತ್ತಲ್ಲಾ.

ಮೊಳಕಾಲ್ಮೂರಿನ ರೇಷ್ಮೆ ಮಗ್ಗ ನೋಡಿದ್ದರೆ ಅದರ ಹಣಿಗೆ ನೆನಪಿಸಿಕೊಳ್ಳಿ. ಒತ್ತೊತ್ತಾಗಿ ನೆಟ್ಟಗೆ ನಿಂತ ಸಣ್ಣ ಸಂದಿಗಳು. ಒಂದು ತೆಳ್ಳನೆ ರಟ್ಟಿನ ಚೂರನ್ನು ಉದ್ದಕ್ಕೆ ಹಿಡಿದರೆ ಸಂದಿಯಲ್ಲಿ ತೂರುತ್ತದೆ. ಅಡ್ಡಕ್ಕೆ ಹಿಡಿದರೆ ತೂರಲ್ಲ. ಬೆಳಕು ಅಲೆಯಂತೆ ಅದುರುತ್ತಾ ಬರುತ್ತದೆ. ಸೂರ್ಯನಿಂದ ನೇರ ಬರುವ ಬೆಳಕು ಎಲ್ಲಾ ದಿಕ್ಕಿಗೂ ಅದುರುತ್ತಿರುತ್ತದೆ. ಆದರೆ ನೀರು, ಗಾಜು, ಎಲೆಯ ಮೈಗೆ ಬಡಿದು ಓರೆಯಾಗಿ ಚಿಮ್ಮಿದ ಬೆಳಕು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಅದುರುತ್ತದೆ. ಪೋಲರೈಸರ್ ಅನ್ನು ಅದಕ್ಕೆ ಅಡ್ಡಲಾಗುವಂತೆ ತಿರುಗಿಸಿದರೆ ಆ ಹೊಳಪು ಅಲ್ಲೇ ನಿಲ್ಲುತ್ತದೆ, ಉಳಿದ ಬೆಳಕು ಒಳಗೆ ಬರುತ್ತದೆ. ತಿರುಗುವ ಉಂಗುರ ಇರುವುದು ಇದಕ್ಕೇ. ಕಪ್ಪು ಗಾಜು ಎಲ್ಲಾ ಬೆಳಕನ್ನೂ ಒಂದೇ ಸಮ ಕಡಿಮೆ ಮಾಡುತ್ತದೆ. ಇದು ಆರಿಸಿ ಕಡಿಮೆ ಮಾಡುತ್ತದೆ.

ನನ್ನ ಲೆನ್ಸ್‌ಗೆ ಯಾವ ಸೈಜು? 18-55 ಅಂತ ಬರೆದಿದೆ, 55 ತಗೊಳ್ಲಾ?

ಈ ತಪ್ಪು ಬಹಳ ಜನ ಮಾಡುತ್ತಾರೆ. 18-55 ಅನ್ನುವುದು ಜೂಮ್. ಫಿಲ್ಟರ್ ಸೈಜು ಬೇಕಾದರೆ ಲೆನ್ಸಿನ ಮುಂಭಾಗ ಅಥವಾ ಮುಚ್ಚಳದ ಒಳಗೆ ನೋಡಿ. ಸೊನ್ನೆಗೆ ಓರೆ ಗೆರೆ ಎಳೆದ ಗುರುತಿನ ಪಕ್ಕ 52, 58, 67, 77 ಹೀಗೆ ಒಂದು ಸಂಖ್ಯೆ ಇರುತ್ತದೆ. ಎರಡು ಮೂರು ಲೆನ್ಸ್ ಇದ್ದರೆ ದೊಡ್ಡ ಸೈಜಿನದ್ದೇ ಒಂದು ಒಳ್ಳೆಯ ಫಿಲ್ಟರ್ ಕೊಳ್ಳಿ. ಸಣ್ಣ ಲೆನ್ಸ್‌ಗಳಿಗೆ ದೊಡ್ಡ ಫಿಲ್ಟರ್ ಕೂರಿಸುವ ಉಂಗುರ, ಅಂದರೆ ಸ್ಟೆಪ್-ಅಪ್ ರಿಂಗ್ ಹಾಕಿ. ಮೂರು ಅಗ್ಗದ ಫಿಲ್ಟರ್‌ಗಿಂತ ಒಂದು ಒಳ್ಳೆಯದು ಮೇಲು.

ಅಸಲಿ ಪೋಲರೈಸರ್ ಅಂತ ಅಂಗಡೀಲೇ ಹೇಗೆ ಗೊತ್ತಾಗುತ್ತೆ?

ಕೌಂಟರ್ ಮೇಲಿನ ಕ್ಯಾಲ್ಕುಲೇಟರ್ ಕೇಳಿ ಇಸ್ಕೊಳ್ಳಿ. ಅದರ ಪರದೆಯಿಂದ ಬರುವ ಬೆಳಕು ಮೊದಲೇ ಒಂದೇ ದಿಕ್ಕಿಗೆ ಸೋಸಿದ್ದು. ಫಿಲ್ಟರಿನ ಮುಂಭಾಗ, ಅಂದರೆ ಲೆನ್ಸಿಗೆ ಹಾಕಿದಾಗ ಹೊರಗೆ ಕಾಣುವ ಮುಖ, ಪರದೆಯ ಕಡೆ ಇರಲಿ. ಹಿಂದಿನಿಂದ ನೋಡುತ್ತಾ ನಿಧಾನ ತಿರುಗಿಸಿ. ಒಂದು ಕಡೆ ಪರದೆ ಪೂರ್ತಿ ಕಪ್ಪಾಗಬೇಕು, ಅಂಕಿಗಳೆಲ್ಲ ಮಾಯವಾಗಬೇಕು. ಈಗ ಫಿಲ್ಟರ್ ಮಗುಚಿ ಹಿಡಿಯಿರಿ. ಸಿಪಿಎಲ್, ಅಂದರೆ ಸರ್ಕ್ಯುಲರ್ ಪೋಲರೈಸರ್ ಆಗಿದ್ದರೆ ಎಷ್ಟು ತಿರುಗಿಸಿದರೂ ಕಪ್ಪಾಗಲ್ಲ, ಬಣ್ಣ ಮಾತ್ರ ಕೊಂಚ ಹಳದಿಗೋ ನೀಲಿಗೋ ಹೊರಳಬಹುದು. ಎರಡೂ ಕಡೆಯಿಂದ ಕಪ್ಪಾದರೆ ಅದು ಹಳೇ ಕಾಲದ ಲೀನಿಯರ್ ಪೋಲರೈಸರ್. ಯಾವ ಕಡೆಯಿಂದಲೂ ಕಪ್ಪಾಗದಿದ್ದರೆ ಬರೀ ಬಣ್ಣದ ಗಾಜು. ನಾನು ಮೊದಲು ಕೊಂಡಿದ್ದು ಅಂಥದ್ದೇ. ಆರು ತಿಂಗಳು ತಿರುಗಿಸುತ್ತಾ, ನನಗೇ ಬಳಸಲು ಬರ್ತಿಲ್ಲ ಅಂತ ನೊಂದುಕೊಂಡಿದ್ದೆ.

ಸಿಪಿಎಲ್ ಅಂದ್ರೆ ಸರ್ಕ್ಯುಲರ್. ದುಂಡಗಿದೆ ಅಂತಾನಾ?

ಅಲ್ಲ. ಬೆಳಕನ್ನು ಸೋಸಿದ ಮೇಲೆ ಹಿಂದಿನ ಪದರ ಅದನ್ನು ಸುರುಳಿ ಸುತ್ತುವಂತೆ ಮಾಡಿ ಒಳಗೆ ಬಿಡುತ್ತದೆ. ಡಿಎಸ್‌ಎಲ್‌ಆರ್ ಅನ್ನುವ ಕ್ಯಾಮೆರಾದೊಳಗೆ ಒಂದು ಕನ್ನಡಿ ಇರುತ್ತದೆ, ಅದು ಅರೆಪಾರದರ್ಶಕ. ಒಂದೇ ದಿಕ್ಕಿಗೆ ಅದುರುವ ಬೆಳಕು ಬಂದರೆ ಫೋಕಸ್ಸು, ಬೆಳಕಿನ ಅಳತೆ ಎರಡೂ ತಪ್ಪಬಹುದು. ಅದಕ್ಕೆ ಈ ಏರ್ಪಾಡು. ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗೆ ಲೀನಿಯರ್ ಕೂಡ ಸಾಮಾನ್ಯವಾಗಿ ನಡೆಯುತ್ತದೆ. ಹಳೇದು ಮನೆಯಲ್ಲಿದ್ದರೆ ಎಸೆಯಬೇಡಿ.

ಯುವಿ ಫಿಲ್ಟರ್ ಹಾಕ್ಲೇಬೇಕು ಅಂತಾರೆ. ನಿಜಾನಾ?

ಯುವಿ ಅಂದರೆ ಕಣ್ಣಿಗೆ ಕಾಣದ ನೇರಳಾತೀತ ಕಿರಣ. ಫಿಲ್ಮ್ ಕಾಲದಲ್ಲಿ ಅದನ್ನು ತಡೆಯುವ ಕೆಲಸ ಈ ಫಿಲ್ಟರಿಗೆ ಇತ್ತು. ಈಗಿನ ಕ್ಯಾಮೆರಾದಲ್ಲಿ ಚಿತ್ರ ಹಿಡಿಯುವ ಸೆನ್ಸರ್ ಮುಂದೆ ಆ ಕಿರಣ ತಡೆಯುವ ಪದರ ಮೊದಲೇ ಇರುತ್ತದೆ. ಹಾಗಾಗಿ ಯುವಿ ಫಿಲ್ಟರ್ ಈಗ ಲೆನ್ಸಿಗೆ ಬರೀ ರಕ್ಷಣೆಯ ಗಾಜು. ಧೂಳು, ಬಣ್ಣದ ಓಕುಳಿ, ಗಣಿ ರಸ್ತೆ ಇಂಥ ಕಡೆ ನಾನೂ ಹಾಕುತ್ತೇನೆ.

ಆದರೆ ರಾತ್ರಿ ತೆಗೆದುಬಿಡಿ. ದಾವಣಗೆರೆಯ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಒಂದು ಸಲ ಇಡೀ ರಾತ್ರಿ ದೀಪಾಲಂಕಾರ ತೆಗೆದೆ. ಮನೆಗೆ ಬಂದು ನೋಡಿದರೆ ಪ್ರತಿ ಫೋಟೋದಲ್ಲೂ ದೀಪಗಳ ಎದುರು ಮೂಲೆಯಲ್ಲಿ ತಲೆಕೆಳಗಾದ ಹಸಿರು ಚುಕ್ಕೆಗಳ ಸಾಲು. ಅಗ್ಗದ ಯುವಿ ಗಾಜಿಗೂ ಲೆನ್ಸಿಗೂ ನಡುವೆ ದೀಪದ ಬೆಳಕು ಹೊಡೆದಾಡಿದ್ದರ ಗುರುತು ಅದು. ಮತ್ತೆ ತೆಗೆಯಲು ಎರಡು ವರ್ಷ ಕಾಯಬೇಕಾಯಿತು.

## ಹೊರಗೆ ಹೋದಾಗ

ಕೋಟೆ ಮುಂದೆ ನಿಂತು ತಿರುಗಿಸಿದೆ, ಆಕಾಶ ಒಂಚೂರೂ ನೀಲಿ ಆಗ್ಲಿಲ್ಲ. ಯಾಕೆ?

ಬೆಳಿಗ್ಗೆ ಹೋಗಿದ್ದಿರಿ, ಸೂರ್ಯ ಬೆನ್ನ ಹಿಂದೆ ಇದ್ದ, ಅಲ್ವಾ? ಸೂರ್ಯ ನೇರ ಬೆನ್ನಿಗಿದ್ದರೂ ಕೆಲಸ ಮಾಡಲ್ಲ, ನೇರ ಎದುರಿಗಿದ್ದರೂ ಮಾಡಲ್ಲ. ಸೂರ್ಯನಿಂದ 90 ಡಿಗ್ರಿ ಪಕ್ಕದ ಆಕಾಶದಲ್ಲಿ ಪೋಲರೈಸರ್‌ನ ಬಲ ಜಾಸ್ತಿ. ತೋರುಬೆರಳು ಸೂರ್ಯನ ಕಡೆ ಮಾಡಿ, ಹೆಬ್ಬೆರಳು ಲಂಬವಾಗಿ ಚಾಚಿ, ಮಣಿಕಟ್ಟು ತಿರುಗಿಸಿ. ಹೆಬ್ಬೆರಳು ಎಲ್ಲೆಲ್ಲಿ ತೋರಿಸುತ್ತದೋ ಅಲ್ಲೆಲ್ಲ ಆಕಾಶ ಕಡುನೀಲಿಯಾಗುತ್ತದೆ.

ಹಾಗಾಗಿ ಬೆಳಗಿನ ಹೊತ್ತು ಕೋಟೆ ಹತ್ತಿ, ಮೇಲಿನ ಬುರುಜುಗಳನ್ನು ಉತ್ತರಕ್ಕೋ ದಕ್ಷಿಣಕ್ಕೋ ಮುಖ ಮಾಡಿ ತೆಗೆಯಿರಿ. ಓರೆ ಬಿಸಿಲು ಬಿದ್ದ ಬಂಡೆ ಕೆಂಪು-ಕಂದು, ಹಿಂದೆ ಕಡುನೀಲಿ. ಆ ಜೋಡಿ ನೋಡೋಕೆ ಎಷ್ಟು ಚಂದ.

ಮಧ್ಯಾಹ್ನ ಫೋಟೋ ತೆಗೀಬಾರ್ದು ಅಂತಾರಲ್ಲ?

ಮುಖದ ಫೋಟೋಗೆ ಸರಿ. ಆದರೆ ನಮ್ಮ ಊರಿಗೆ ಒಂದು ಅನುಕೂಲ ಇದೆ. ಚಿತ್ರದುರ್ಗ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆ ವಾರ ಮತ್ತು ಆಗಸ್ಟ್ ಮಧ್ಯದಲ್ಲಿ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ನೆಟ್ಟ ಕೋಲಿಗೆ ನೆರಳೇ ಇರಲ್ಲ. ಸೂರ್ಯ ನೆತ್ತಿಯಲ್ಲಿದ್ದರೆ ದಿಗಂತದ ಸುತ್ತಲೂ ಎಲ್ಲ ಕಡೆಯೂ 90 ಡಿಗ್ರಿ! ಯಾವ ದಿಕ್ಕಿಗೆ ನಿಂತರೂ ಪೋಲರೈಸರ್ ಕೆಲಸ ಮಾಡುತ್ತದೆ.

ಏಪ್ರಿಲ್‌ನಲ್ಲಿ ಬಯಲುಸೀಮೆಯ ಧೂಳು, ಮಬ್ಬು ಇರುತ್ತದೆ. ಮಬ್ಬಿನಲ್ಲಿ ಬೆಳಕು ಹಲವು ಸಲ ಚದುರಿ ಪರಿಣಾಮ ಕುಗ್ಗುತ್ತದೆ. ಆಗಸ್ಟ್‌ನಲ್ಲಿ ಮಳೆ ತೊಳೆದ ಗಾಳಿ, ಬಿಳಿ ಮೋಡಗಳ ನಡುವೆ ನೀಲಿ ತುಂಡುಗಳು. ಜೋಗಿಮಟ್ಟಿ ಗುಡ್ಡದ ಮೇಲಿಂದ ಮಧ್ಯಾಹ್ನ 12ಕ್ಕೆ ತೆಗೆದ ನನ್ನ ಒಳ್ಳೆಯ ಫೋಟೋಗಳೆಲ್ಲ ಆಗಸ್ಟ್‌ನವೇ.

ನೀರಿನ ಫೋಟೋಗೆ ಎಲ್ಲಿ ನಿಲ್ಲಬೇಕು, ಎಷ್ಟು ತಿರುಗಿಸಬೇಕು?

ಇದಕ್ಕೆ ಸಂತೇಬೆನ್ನೂರಿನ ಪುಷ್ಕರಣಿಗಿಂತ ಒಳ್ಳೆಯ ಪಾಠಶಾಲೆ ನನಗೆ ಸಿಕ್ಕಿಲ್ಲ. ಚನ್ನಗಿರಿ ತಾಲ್ಲೂಕಿನ ಆ ಹೊಂಡದ ಮೆಟ್ಟಿಲಿಳಿದು ನೀರಿನ ಅಂಚಿಗೆ ಹೋಗಿ. ಬರಿಗಣ್ಣಿಗೆ ಕಾಣುವುದು ನೀರಿನ ಮೇಲೆ ಹಾಸಿದ ಬಿಳಿ ಆಕಾಶ. ಫಿಲ್ಟರ್ ನಿಧಾನವಾಗಿ ತಿರುಗಿಸಿ. ಮೊದಲು ಕಾಲ ಬಳಿಯ ಬಿಳುಪು ತೆಳುವಾಗುತ್ತದೆ. ಆಮೇಲೆ ಮುಳುಗಿದ ಒಂದು ಮೆಟ್ಟಿಲಿನ ಅಂಚು ಕಾಣುತ್ತದೆ, ಅದರ ಮೇಲಿನ ಪಾಚಿ ಕಾಣುತ್ತದೆ, ಪಾಚಿಯ ಮೇಲೆ ಬಿದ್ದಿದ್ದ ಒಂದು ಬೇವಿನ ಎಲೆ ಕೂಡ. ಇನ್ನೂ ಸ್ವಲ್ಪ ತಿರುಗಿಸಿದರೆ ಎಲ್ಲ ಮತ್ತೆ ಬಿಳುಪಿನಲ್ಲಿ ಮುಚ್ಚಿಹೋಗುತ್ತದೆ.

ನೀರಿನ ಮೈಗೆ ಸುಮಾರು 37 ಡಿಗ್ರಿ ಕೋನದಲ್ಲಿ ನೋಡಿದಾಗ ಹೊಳಪು ಪೂರ್ತಿ ನಿಲ್ಲುತ್ತದೆ. ಲೆಕ್ಕ ಸುಲಭ: ಕ್ಯಾಮೆರಾ ನೀರಿನಿಂದ 5 ಅಡಿ ಎತ್ತರ ಇದ್ದರೆ, ಸುಮಾರು ಆರೂವರೆ ಅಡಿ ದೂರದ ನೀರು ಅತಿ ತಿಳಿಯಾಗಿ ಕಾಣುತ್ತದೆ. ತೀರಾ ನೇರ ಕೆಳಗೆ ನೋಡಿದರೂ ಆಗಲ್ಲ, ತೀರಾ ದೂರ ನೋಡಿದರೂ ಆಗಲ್ಲ.

ಈಗ ತಲೆಯೆತ್ತಿ ನಡುವಿನ ವಸಂತ ಮಂಟಪ ನೋಡಿ. ಅದರ ಚೆಲುವಿನ ಅರ್ಧ ನೀರಿನೊಳಗಿನ ಬಿಂಬದಲ್ಲೇ ಇದೆ. ಪೋಲರೈಸರ್ ಅದನ್ನೂ ಅಳಿಸಲು ನೋಡುತ್ತದೆ. ಅಲ್ಲಿ ಉಂಗುರ ಹಿಂದಕ್ಕೆ ತಿರುಗಿಸಿ ಬಿಂಬ ಉಳಿಸಿಕೊಳ್ಳಿ. ಪೂರ್ತಿ ತಿರುಗಿಸಿದ್ದೇ ಸರಿ ಅಂತ ಯಾವ ನಿಯಮವೂ ಇಲ್ಲ. ಕಣ್ಣು ವ್ಯೂಫೈಂಡರ್‌ನಲ್ಲಿ ಇಟ್ಟು, ಎಲ್ಲಿ ಚೆನ್ನಾಗಿ ಕಂಡಿತೋ ಅಲ್ಲಿ ನಿಲ್ಲಿಸಿ.

ಇದೇ ಉಪಾಯವನ್ನು 1921ರಲ್ಲಿ ಸಿ.ವಿ. ರಾಮನ್ ಹಡಗಿನ ಮೇಲೆ ನಿಂತು ಮಾಡಿದ್ದರು. ಸಮುದ್ರ ನೀಲಿಯಾಗಿ ಕಾಣುವುದು ಆಕಾಶದ ಬಿಂಬದಿಂದ ಅಂತ ಆಗ ಅನೇಕರು ನಂಬಿದ್ದರು. ರಾಮನ್ ನಿಕೋಲ್ ಪ್ರಿಸಂ ಅನ್ನುವ ಹರಳಿನ ಪೋಲರೈಸರ್ ಹಿಡಿದು ಮೇಲಿನ ಹೊಳಪನ್ನು ಕಳೆದು ನೋಡಿದರು. ಸಮುದ್ರ ಇನ್ನೂ ಗಾಢ ನೀಲಿಯಾಗಿತ್ತು. ಆ ಬಣ್ಣ ನೀರಿನದ್ದೇ ಅಂತ ಅವರು ಬರೆದರು. ಸೂಳೆಕೆರೆಯ ಏರಿಯ ಮೇಲೆ ಫಿಲ್ಟರ್ ತಿರುಗಿಸುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಮೋಡ ಕವಿದ ದಿನ ಪೋಲರೈಸರ್ ದಂಡ ಅಲ್ವಾ?

ಆಕಾಶಕ್ಕೆ ದಂಡ. ನೆಲಕ್ಕೆ ಅಲ್ಲ. ಮಳೆ ನಿಂತ ಮೇಲೆ ಎಲೆಗಳ ಮೇಲೆಲ್ಲ ಬೂದು ಆಕಾಶದ ಹೊಳಪು ಕೂತಿರುತ್ತದೆ. ಅದನ್ನು ತೆಗೆದರೆ ಕಾಡಿನ ಹಸಿರು ಒಮ್ಮೆಲೇ ಮೈತುಂಬಿ ಬರುತ್ತದೆ. ಒದ್ದೆ ಬಂಡೆಗೂ ಹಾಗೆಯೇ. ಭದ್ರಾ ನಾಲೆಯ ಗದ್ದೆಗಳಲ್ಲಿ ನಾಟಿ ಹೊತ್ತಿಗೆ ಹೋದರೆ ಉಂಗುರದ ಒಂದೇ ತಿರುವಿನಲ್ಲಿ ಗದ್ದೆ ಕನ್ನಡಿಯಾಗುತ್ತದೆ, ಇನ್ನೊಂದು ತಿರುವಿನಲ್ಲಿ ಕೆಸರಾಗುತ್ತದೆ.

ಹಿತ್ತಾಳೆ ಪಾತ್ರೆ ಹೊಳಪು ಹೋಗ್ತಾನೇ ಇಲ್ಲ.

ಹೋಗಲ್ಲ. ಬರೀ ಲೋಹದ ಮೈಯಿಂದ ಚಿಮ್ಮಿದ ಬೆಳಕನ್ನು ಇದು ತಡೆಯಲ್ಲ. ಬಣ್ಣ ಬಳಿದ ಲೋಹ, ಗಾಜು, ಪ್ಲಾಸ್ಟಿಕ್, ಪಾಲಿಶ್ ಮರ ಇವಕ್ಕೆ ಮಾತ್ರ.

ಬೆಣ್ಣೆ ದೋಸೆ ಫೋಟೋಗೆ ಹಾಕ್ಬಹುದಾ?

ಬೇಡ. ದೋಸೆ ಮೇಲೆ ಕರಗುವ ಬೆಣ್ಣೆಯ ಹೊಳಪೇ ಬಾಯಲ್ಲಿ ನೀರೂರಿಸುವುದು. ಅದನ್ನೇ ತೆಗೆದರೆ ನಿನ್ನೆಯ ದೋಸೆ ಕಂಡಂತೆ ಕಾಣುತ್ತದೆ.

ಅಗಲ ಲೆನ್ಸಲ್ಲಿ ಆಕಾಶದ ನಡುವೆ ಕಪ್ಪು ಪಟ್ಟಿ ಬರುತ್ತೆ. ಲೆನ್ಸ್ ಹಾಳಾಗಿದ್ಯಾ?

ಲೆನ್ಸ್ ಸರಿಯಾಗಿದೆ. ಕ್ಯಾಮೆರಾ ಜೊತೆಗೇ ಬರುವ 18-55 ಕಿಟ್ ಲೆನ್ಸ್ 18ರಲ್ಲಿ ಸುಮಾರು 65 ಡಿಗ್ರಿ ಅಗಲದ ನೋಟ ಹಿಡಿಯುತ್ತದೆ. ಅಷ್ಟಗಲದ ಆಕಾಶದಲ್ಲಿ ಒಂದು ಭಾಗ ಸೂರ್ಯನಿಂದ 90 ಡಿಗ್ರಿ ಇದ್ದರೆ ಇನ್ನೊಂದು ಭಾಗ ಇರಲ್ಲ. ಒಂದು ಕಡೆ ಕಡುನೀಲಿ, ಇನ್ನೊಂದು ಕಡೆ ಪೇಲವ. ಫಿಲ್ಟರ್ ಅರ್ಧ ತಿರುಗಿಸಿ, ಅಥವಾ ಜೂಮ್ ಮಾಡಿ, ಇಲ್ಲವೇ ಆಕಾಶ ಕಡಿಮೆ ಬರುವಂತೆ ನಿಲ್ಲಿ. ಕೋಟೆಯ ಪನೋರಮಾ ತೆಗೆಯುವಾಗ ಪೋಲರೈಸರ್ ತೆಗೆದಿಡುವುದೇ ಕ್ಷೇಮ. ಜೋಡಿಸಿದ ಮೇಲೆ ಪಟ್ಟೆ ಪಟ್ಟೆ ಆಕಾಶ ಬಂದರೆ ಸರಿಪಡಿಸೋದು ಕಷ್ಟ.

ಪೋಲರೈಸರ್ ಹಾಕಿದ ಮೇಲೆ ಫೋಟೋ ಶೇಕ್ ಆಗ್ತಿದೆ.

ಅದು ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ. ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದಂತೆ. ಶಟರ್ 1/125 ಸೆಕೆಂಡ್‌ನಲ್ಲಿ ತೆಗೆಯುತ್ತಿದ್ದವರಿಗೆ ಕ್ಯಾಮೆರಾ 1/30 ಕೊಡಬಹುದು, ಆಗ ಕೈ ಅಲುಗಿದ್ದು ಕಾಣುತ್ತದೆ. ಐಎಸ್‌ಒ, ಅಂದರೆ ಕ್ಯಾಮೆರಾದ ಬೆಳಕಿನ ಸೂಕ್ಷ್ಮತೆ, ಏರಿಸಿ. ಕೆಲಸ ಮುಗಿದ ಮೇಲೆ ಬಿಚ್ಚಿಡಿ. ಸುಮ್ನೆ ಸದಾ ಹಾಕಿಕೊಂಡು ಮನೆಯೊಳಗಿನ ಮದುವೆ ತೆಗೆದರೆ ನಷ್ಟವೇ ಜಾಸ್ತಿ.

## ಸ್ವಲ್ಪ ಮುಂದುವರಿದವರಿಗೆ

ಎನ್‌ಡಿ 8, 64, 1000 ಅಂತ ಇರುತ್ತೆ. ಈ ಲೆಕ್ಕ ಏನು?

ಬೆಳಕು ಎಷ್ಟನೇ ಒಂದು ಭಾಗಕ್ಕೆ ಇಳಿಯುತ್ತದೆ ಅನ್ನುವ ಲೆಕ್ಕ. ಎನ್‌ಡಿ 8 ಅಂದರೆ 3 ಸ್ಟಾಪ್, 64 ಅಂದರೆ 6, 1000 ಅಂದರೆ ಹತ್ತಿರ ಹತ್ತಿರ 10. ಫಿಲ್ಟರ್ ಇಲ್ಲದಾಗಿನ ಶಟರ್ ವೇಗವನ್ನು ಆ ಸಂಖ್ಯೆಯಿಂದ ಗುಣಿಸಿ. 1/60 ಇದ್ದರೆ ಎನ್‌ಡಿ 64ರಲ್ಲಿ ಸುಮಾರು 1 ಸೆಕೆಂಡ್, ಎನ್‌ಡಿ 1000ರಲ್ಲಿ ಸುಮಾರು 16 ಸೆಕೆಂಡ್.

ಹಿರಿಯೂರಿನ ವಾಣಿ ವಿಲಾಸ ಸಾಗರ 1933ರ ಬಳಿಕ 2022ರ ಸೆಪ್ಟೆಂಬರ್‌ನಲ್ಲಿ ಕೋಡಿ ಬಿದ್ದಾಗ ಜನಸಾಗರವೇ ಬಂದಿತ್ತು. ನನಗೆ ಎನ್‌ಡಿ 64 ಸಾಕಾಯಿತು. ಅರ್ಧದಿಂದ ಒಂದು ಸೆಕೆಂಡ್‌ನಲ್ಲಿ ನೀರು ಎಳೆ ಎಳೆಯಾಗಿ, ಅದರ ರಭಸ ಉಳಿದು ಬಂತು. 16 ಸೆಕೆಂಡ್ ಇಟ್ಟಿದ್ದು ಹಾಲಿನ ಮಂಜಾಯಿತು. 89 ವರ್ಷ ಕಾದು ಬಂದ ನೀರು ಹಾಗೆ ಸತ್ತಂತೆ ಕಾಣುವುದು ನನಗೆ ಇಷ್ಟವಾಗಲಿಲ್ಲ.

ಗಾಳಿಯಂತ್ರಗಳ ರೆಕ್ಕೆ ತಿರುಗೋ ಥರ ತೆಗೀಬೇಕು. 30 ಸೆಕೆಂಡ್ ಇಟ್ರೆ ರೆಕ್ಕೆನೇ ಮಾಯ!

ಹೌದು, ಹಾಗೇ ಆಗುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲಿನ ಆ ದೊಡ್ಡ ರೆಕ್ಕೆಗಳು ದೂರದಿಂದ ನಿಧಾನ ಅನ್ನಿಸಿದರೂ ಒಂದು ಸುತ್ತಿಗೆ ಕೆಲವೇ ಸೆಕೆಂಡು ತೆಗೆದುಕೊಳ್ಳುತ್ತವೆ. 30 ಸೆಕೆಂಡ್‌ನಲ್ಲಿ ಹಲವು ಸುತ್ತು ಮುಗಿದು ಆಕಾಶದಲ್ಲಿ ಕರಗಿಹೋಗುತ್ತವೆ, ಕಂಬ ಮಾತ್ರ ಉಳಿಯುತ್ತದೆ. ಅರ್ಧ ಸೆಕೆಂಡ್, ಹೆಚ್ಚೆಂದರೆ ಒಂದು ಸೆಕೆಂಡ್ ಇಡಿ. ರೆಕ್ಕೆ ಬೀಸಣಿಗೆಯಂತೆ ಬರುತ್ತದೆ. ಟ್ರೈಪಾಡ್ ಕಾಲಿಗೆ ಬ್ಯಾಗ್ ತೂಗುಹಾಕಿ. ಗಾಳಿಯಂತ್ರ ಇರುವ ಕಡೆ ಗಾಳಿ ಇದ್ದೇ ಇರುತ್ತದೆ.

ಎನ್‌ಡಿ 1000 ಹಾಕಿದ್ರೆ ಫೋಕಸ್ಸೇ ಆಗಲ್ಲ.

ಫಿಲ್ಟರ್ ಹಾಕುವ ಮುಂಚೆ ಫೋಕಸ್ ಮಾಡಿ, ಮ್ಯಾನುಯಲ್‌ಗೆ ಬದಲಿಸಿ, ಆಮೇಲೆ ಲೆನ್ಸಿನ ಫೋಕಸ್ ಉಂಗುರ ಮುಟ್ಟದೆ ಫಿಲ್ಟರ್ ಹಾಕಿ. ಡಿಎಸ್‌ಎಲ್‌ಆರ್ ಆದರೆ ವ್ಯೂಫೈಂಡರ್‌ಗೆ ಬಟ್ಟೆ ಮುಚ್ಚಿ. ಹಿಂದಿನಿಂದ ನುಸುಳುವ ಬೆಳಕು ಅಳತೆ ಕೆಡಿಸುತ್ತದೆ.

ಮದುವೆ ವಿಡಿಯೋಗೆ ವೇರಿಯಬಲ್ ಎನ್‌ಡಿ ಒಳ್ಳೆಯದಾ?

ವಿಡಿಯೋಗೆ ನಿಜವಾಗಿ ಉಪಯೋಗ. ಸೆಕೆಂಡಿಗೆ 25 ಫ್ರೇಮ್‌ನಲ್ಲಿ ತೆಗೆಯುವಾಗ ಶಟರ್ 1/50 ಇದ್ದರೆ ಚಲನೆ ಸಹಜವಾಗಿ ಕಾಣುತ್ತದೆ. ಬಿಸಿಲಿನ ಮೆರವಣಿಗೆಯಲ್ಲಿ ಫಿಲ್ಟರ್ ಇಲ್ಲದೆ, ಲೆನ್ಸಿನೊಳಗಿನ ಬೆಳಕಿನ ಕಂಡಿ (ಅಪರ್ಚರ್) ಅಗಲ ತೆರೆದಿಟ್ಟುಕೊಂಡು ಅದು ಸಾಧ್ಯವಿಲ್ಲ. ವೇರಿಯಬಲ್ ಎನ್‌ಡಿ ಅಂದರೆ ಎರಡು ಪೋಲರೈಸರ್ ಒಂದರ ಮೇಲೊಂದು, ತಿರುಗಿಸಿದಂತೆ ಬೆಳಕು ಹೆಚ್ಚು ಕಡಿಮೆಯಾಗುತ್ತದೆ. ಹಾಗಾಗಿ ತುದಿಯವರೆಗೆ ತಿರುಗಿಸಬೇಡಿ. ಅಗಲ ಲೆನ್ಸ್‌ನಲ್ಲಿ ಚಿತ್ರದ ಮೇಲೆ ಕತ್ತರಿ ಆಕಾರದ ಕಪ್ಪು ನೆರಳು ಬೀಳುತ್ತದೆ. ಇನ್ನೊಂದು ಮಾತು: ತಿರುಗಿಸಿದಂತೆ ಮದುಮಗಳ ಮುಖದ ಹೊಳಪೂ ರೇಷ್ಮೆಯ ಹೊಳಪೂ ಬದಲಾಗುತ್ತಿರುತ್ತದೆ. ಮುಖ್ಯ ಶಾಟ್ ನಡುವೆ ತಿರುಗಿಸಬೇಡಿ.

ಅರ್ಧ ಕಪ್ಪು ಅರ್ಧ ಬಿಳಿ ಇರೋ ಗ್ರ್ಯಾಜುಯೇಟೆಡ್ ಫಿಲ್ಟರ್ ಬೇಕಾ?

ಅದರ ಕಪ್ಪು ಅರ್ಧ ಇರುವುದು ಆಕಾಶದ ಬೆಳಕು ತಗ್ಗಿಸಲು. ನನ್ನ ಮಟ್ಟಿಗೆ ಬೇಡ. ಕೋಟೆಯ ಬುರುಜು, ಬಂಡೆ ಎಲ್ಲ ದಿಗಂತ ದಾಟಿ ಮೇಲೇಳುತ್ತವೆ. ಫಿಲ್ಟರಿನ ಗೆರೆ ಅವುಗಳ ತಲೆಯನ್ನೂ ಕಪ್ಪು ಮಾಡುತ್ತದೆ. ಕ್ಯಾಮೆರಾದಲ್ಲಿ ಬೆಳಕು ಹೆಚ್ಚು ಕಡಿಮೆ ಮಾಡಿ ಎರಡು ಮೂರು ಫೋಟೋ ತೆಗೆದು, ಕಂಪ್ಯೂಟರ್‌ನಲ್ಲಿ ಸೇರಿಸುವುದು ಮೇಲು.

ಗ್ರಹಣಕ್ಕೆ ಎನ್‌ಡಿ 1000 ಸಾಕಲ್ವಾ?

ಖಂಡಿತ ಸಾಲದು, ಅಪಾಯ. ಸೂರ್ಯನಿಗೆ ಬೇಕಾದದ್ದು ಬೆಳಕನ್ನು ಸುಮಾರು ಲಕ್ಷದಲ್ಲಿ ಒಂದು ಭಾಗಕ್ಕೆ ಇಳಿಸುವ, ಸೂರ್ಯನಿಗೆಂದೇ ಮಾಡಿದ ಸೋಲಾರ್ ಫಿಲ್ಟರ್. ಅದನ್ನು ಲೆನ್ಸಿನ ಮುಂದೆಯೇ ಹಾಕಬೇಕು. ಎನ್‌ಡಿ ಕಣ್ಣಿಗೆ ಕತ್ತಲು ಅನ್ನಿಸಿದರೂ ಕಾಣದ ಅವಕೆಂಪು ಕಿರಣವನ್ನು ಒಳಗೆ ಬಿಡಬಹುದು, ನೋವಿಲ್ಲದೆ ಕಣ್ಣು ಸುಡುತ್ತದೆ. 2019ರ ಡಿಸೆಂಬರ್ 26ರ ಗ್ರಹಣದ ದಿನ ಮಕ್ಕಳ ಕೈಯಿಂದ ಎರಡು ಎನ್‌ಡಿ ಜೋಡಿಸಿದ ಕ್ಯಾಮೆರಾ ಕಿತ್ತುಕೊಂಡಿದ್ದೆ. ಬೇಸರ ಮಾಡಿಕೊಂಡರು. ಇವತ್ತೂ ಹಾಗೇ ಮಾಡುತ್ತೇನೆ.

## ಕಾಪಾಡಿಕೊಳ್ಳುವುದು

ಫಿಲ್ಟರ್ ಲೆನ್ಸಿಗೆ ಕಚ್ಚಿಕೊಂಡಿದೆ, ಬಿಚ್ಚೋಕೆ ಆಗ್ತಿಲ್ಲ.

ಜೋರಾಗಿ ಹಿಸುಕಬೇಡಿ. ಹಿಸುಕಿದಷ್ಟೂ ಉಂಗುರ ಅಂಡಾಕಾರವಾಗಿ ಇನ್ನೂ ಬಿಗಿಯುತ್ತದೆ. ಅಗಲದ ರಬ್ಬರ್ ಬ್ಯಾಂಡ್ ಅಂಚಿಗೆ ಸುತ್ತಿ, ಐದೂ ಬೆರಳು ಸಮನಾಗಿಟ್ಟು ಹಗುರವಾಗಿ ತಿರುಗಿಸಿ. ಪೋಲರೈಸರ್ ಆದರೆ ಹಿಡಿಯಬೇಕಾದದ್ದು ತಿರುಗದ ಹಿಂದಿನ ಉಂಗುರ.

ಧೂಳು, ಬೂಷ್ಟು ಬಂದ್ರೆ ಏನ್ ಮಾಡೋದು?

ಮೊದಲು ಬ್ಲೋವರ್‌ನಿಂದ ಊದಿ, ಆಮೇಲೆ ಮೆತ್ತನೆ ಬ್ರಷ್, ಕೊನೆಗೆ ಮೈಕ್ರೋಫೈಬರ್ ಬಟ್ಟೆ. ಈ ಕ್ರಮ ತಪ್ಪಿದರೆ ನಮ್ಮ ಕಡೆಯ ಕಲ್ಲುಪುಡಿ ಉಪ್ಪುಕಾಗದದಂತೆ ಉಜ್ಜುತ್ತದೆ. ಅಂಗಿಯ ತುದಿ, ಪಂಚೆ ಬೇಡ. ಮಳೆಗಾಲದಲ್ಲಿ ಒದ್ದೆಯಾದ ಫಿಲ್ಟರನ್ನು ಹಾಗೇ ಡಬ್ಬಿಗೆ ಹಾಕಬೇಡಿ, ಒರೆಸಿ ಆರಲು ಬಿಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಅದರಲ್ಲಿಡಿ. ಪೋಲರೈಸರ್ ಅನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ. ಅದರ ನಡುವೆ ಇರುವುದು ತೆಳು ಹಾಳೆ. ಶಾಖಕ್ಕೆ ಅಂಟು ಬಿಟ್ಟುಕೊಂಡು ಅಂಚಿನಿಂದ ಮಸುಕಾಗುತ್ತಾ ಬರುತ್ತದೆ. ಹಾಗಾದ ಫಿಲ್ಟರನ್ನು ರಿಪೇರಿ ಮಾಡಲು ಬರಲ್ಲ, ಹೊಸದೇ ಕೊಳ್ಳಬೇಕು.